ಮನೆಯೊಳಗಿನ ಸೈಕಲ್ಲಿಗೆ ಒಂದಿಷ್ಟು ಓಲಾಟ



ರಸ್ತೆಯಲ್ಲಿ ಮೂರು ಗಂಟೆ ಸೈಕಲ್ ತುಳಿದು ಬಂದು ಹಾಯಾಗಿ ಊಟಕ್ಕೆ ಕೂರುವವರಿದ್ದಾರೆ. ಅವರೇ ಮನೆಯೊಳಗಿನ ವ್ಯಾಯಾಮದ ಸೈಕಲ್ ಮೇಲೆ ಮುಕ್ಕಾಲು ಗಂಟೆ ಕೂತರೆ ಮುಖ ಕಿವುಚುತ್ತಾರೆ. ತೊಡೆಸಂದಿಗೆ ಜೋಮು ಹಿಡಿಯುತ್ತದೆ, ಸೀಟಿಗೆ ತಾಗುವ ಮೂಳೆಗಳ ಕೆಳಗೆ ಉರಿ, ಸೊಂಟ ಬಿಗಿ. ಸೀಟು ಸರಿಯಿಲ್ಲ ಎಂದುಕೊಂಡು ಹೊಸದು ತರುತ್ತಾರೆ, ಅದರ ಮೇಲೊಂದು ಮೆತ್ತನೆಯ ಹೊದಿಕೆ ಹಾಕುತ್ತಾರೆ. ನೋವು ಮಾತ್ರ ಹಾಗೇ ಉಳಿಯುತ್ತದೆ. ಎಷ್ಟೋ ಸಲ ತಪ್ಪು ಸೀಟಿನದ್ದಲ್ಲ, ಸೈಕಲ್ಲು ಮಿಸುಕಾಡದೆ ನಿಂತಿರುವುದೇ ಕಾರಣ. ಅದಕ್ಕೆ ಒಂದಿಷ್ಟು ಓಲಾಟ ಕೊಟ್ಟರೆ ಏನಾಗುತ್ತದೆ, ಹೇಗೆ ಕೊಡುವುದು ಎಂಬುದೇ ಇವತ್ತಿನ ಮಾತು.

ಮನೆಯೊಳಗಿನ ಈಗಿನ ‘ಸ್ಮಾರ್ಟ್’ ಸೈಕಲ್ಲಿಗೆ ಉರುಳುವ ಚಕ್ರಗಳಿಲ್ಲ. ಒಳಗೆ ತಿರುಗುವ ಭಾಗವೊಂದಿದ್ದು, ಕಾಂತಶಕ್ತಿ ಅದನ್ನು ತಡೆಯುತ್ತದೆ. ಆ ತಡೆ ಎಷ್ಟಿರಬೇಕೆಂದು ಕಂಪ್ಯೂಟರ್ ಹೇಳುತ್ತದೆ. ಪರದೆಯ ಮೇಲೆ ಏರು ಬಂದರೆ ಪೆಡಲ್ ಬಿಗಿಯಾಗುತ್ತದೆ, ಇಳಿಜಾರು ಬಂದರೆ ಹಗುರಾಗುತ್ತದೆ. ಅಮೆರಿಕದ ವಾಹೂ ಕಂಪನಿ 2012ರಲ್ಲಿ ಕಿಕ್ಕರ್ ಎಂಬ ಟ್ರೇನರ್ ತಂದಿತು. ನಮ್ಮದೇ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ ಅದಕ್ಕೆ ಜೋಡಿಸುವ ಯಂತ್ರ ಅದು. ಪರದೆಯ ಮೇಲೆ ದೇಶವಿದೇಶದವರ ಜೊತೆ ಓಡಿಸುವ ಝ್ವಿಫ್ಟ್ ಎಂಬ ತಂತ್ರಾಂಶ 2014ರಲ್ಲಿ ಬಂತು. 2017ರಲ್ಲಿ ವಾಟ್‌ಬೈಕ್ ಕಂಪನಿಯ ಆಟಮ್ ಎಂಬ ಇಡಿಯ ಸೈಕಲ್ಲು, 2019ರಲ್ಲಿ ಟ್ಯಾಕ್ಸ್ ಮತ್ತು ವಾಹೂ ಕಂಪನಿಗಳ ಇಂಥವೇ ಸೈಕಲ್ಲುಗಳು ಬಂದವು. 2020ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಪರದೆಯ ಮೇಲೆ ನಡೆಯುವ ಈ ಬಗೆಯ ಸ್ಪರ್ಧೆಗೆ ವಿಶ್ವ ಚಾಂಪಿಯನ್‌ಷಿಪ್ಪನ್ನೇ ನಡೆಸಿತು. ತುಳಿಯುವ ಶಕ್ತಿಯನ್ನು ಶೇಕಡಾ 1ರಷ್ಟೇ ಹೆಚ್ಚುಕಡಿಮೆಯಾಗುವಂತೆ ಕರಾರುವಾಕ್ಕಾಗಿ ಅಳೆಯುವುದನ್ನು ಈ ಯಂತ್ರಗಳು ಬಹಳ ಬೇಗ ಕಲಿತವು. ಮೇಲೆ ಕೂತವರ ಮೈ ಏನು ಕೇಳುತ್ತದೆ ಎಂಬ ವಿಚಾರ ಬಂದದ್ದು ತಡವಾಗಿ.

ರಸ್ತೆಯ ಮೇಲಿನ ಸೈಕಲ್ಲು ಒಂದು ಕ್ಷಣವೂ ನೆಟ್ಟಗೆ ನಿಂತಿರುವುದಿಲ್ಲ. ಎಡಕ್ಕೆ ಕೊಂಚ ವಾಲುತ್ತದೆ, ಸವಾರ ತನಗೇ ತಿಳಿಯದಂತೆ ಹ್ಯಾಂಡಲನ್ನು ಅತ್ತ ತಿರುಗಿಸುತ್ತಾನೆ, ಚಕ್ರ ಮೈಯ ಕೆಳಕ್ಕೆ ಬಂದು ಸೈಕಲ್ಲು ಎದ್ದು ನಿಲ್ಲುತ್ತದೆ. ಇದು ನಡೆಯುತ್ತಲೇ ಇರುತ್ತದೆ. ಜೊತೆಗೆ ತಿರುವು, ಹಂಪು, ಸಿಗ್ನಲ್ಲು, ತುಳಿಯದೆ ಜಾರುವ ಇಳಿಜಾರು ಎಲ್ಲ ಇವೆ. ಪ್ರತಿಯೊಂದರಲ್ಲೂ ಸೀಟಿನ ಮೇಲಿನ ಭಾರ ಒಂದು ಕ್ಷಣವಾದರೂ ಜಾಗ ಬದಲಿಸುತ್ತದೆ. ಮನೆಯೊಳಗೆ ಇದು ಯಾವುದೂ ಇಲ್ಲ. ನಿಮಿಷಕ್ಕೆ 90 ಸುತ್ತಿನಂತೆ ತುಳಿದರೆ ಗಂಟೆಗೆ 5,400 ಸುತ್ತು, ಅಷ್ಟೂ ಹೊತ್ತು ಭಾರ ಅಂಗೈಯಗಲದ ಅದೇ ಜಾಗದ ಮೇಲೆ.

ಚರ್ಮ ಮತ್ತು ಮಾಂಸದ ಮೇಲೆ ಬಿಡುವಿಲ್ಲದೆ ಒತ್ತಡ ಬಿದ್ದರೆ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ, ತೊಡೆಸಂದಿನ ನರ ನಲುಗುತ್ತದೆ. ಜೋಮು ಹಿಡಿಯುವುದು ಇದರಿಂದಲೇ. ಗಾಲಿಕುರ್ಚಿಯಲ್ಲಿ ದಿನ ಕಳೆಯುವವರಿಗೆ ಆಗಾಗ ಕೈಯೂರಿ ಮೈ ಎತ್ತಿ ಎಂದು ವೈದ್ಯರು ಕಲಿಸುವುದೂ ಇದಕ್ಕಾಗಿಯೇ. ಒತ್ತಡ ಸ್ವಲ್ಪ ಹೊತ್ತು ಸರಿದರೂ ರಕ್ತ ಮತ್ತೆ ಹರಿಯುತ್ತದೆ. ಸೈಕಲ್ಲಿನಲ್ಲಿ ಇನ್ನೊಂದು ತೊಂದರೆಯೂ ಸೇರುತ್ತದೆ. ಒಂದೊಂದು ಕಾಲು ತುಳಿದಾಗಲೂ ಸೊಂಟ ಆ ಕಡೆಗೆ ಅಷ್ಟಿಷ್ಟು ಇಳಿಯುತ್ತದೆ. ಸೀಟು ಅದರೊಡನೆ ಬಾಗದಿದ್ದರೆ ಚರ್ಮ ಉಜ್ಜುತ್ತದೆ. ಒಳಗೆ ಗಾಳಿ ಬೀಸದ ಕಾರಣ ಬೆವರು ಆರುವುದಿಲ್ಲ, ಒದ್ದೆ ಚರ್ಮ ಇನ್ನೂ ಬೇಗ ಉಜ್ಜಿಹೋಗುತ್ತದೆ.

ಇದು ಎಲ್ಲ ಒಳಾಂಗಣ ಸೈಕಲ್ಲುಗಳ ಹಣೆಬರಹವೇನೂ ಅಲ್ಲ. ಹಳೆಯ ಕಾಲದಿಂದ ಸ್ಪರ್ಧಿಗಳು ರೋಲರ್ ಮೇಲೆ ತುಳಿಯುತ್ತ ಬಂದಿದ್ದಾರೆ. ಮೂರು ಉರುಳೆಗಳು, ಅವುಗಳ ಮೇಲೆ ಬಿಡಿ ಸೈಕಲ್ಲು, ಹಿಡಿದುಕೊಳ್ಳುವುದು ಏನೂ ಇಲ್ಲ. ಸಮತೋಲ ತಪ್ಪಿದರೆ ಬೀಳುತ್ತಾರೆ ನಿಜ, ಆದರೆ ಅಲ್ಲಿ ಸೈಕಲ್ಲು ಸ್ವತಂತ್ರವಾಗಿ ವಾಲುತ್ತದೆ. ಟ್ರೇನರುಗಳು ಹಿಂದಿನ ಅಚ್ಚನ್ನು ಕಬ್ಬಿಣದ ಕಾಲುಗಳಿಗೆ ಬಿಗಿದ ಮೇಲೆ ಬೀಳುವ ಭಯ ಹೋಯಿತು, ವಾಲುವ ಸ್ವಾತಂತ್ರ್ಯವೂ ಹೋಯಿತು. ಅಮೆರಿಕದ ಕೈನೆಟಿಕ್ ಕಂಪನಿ ಸ್ಮಾರ್ಟ್ ಟ್ರೇನರುಗಳಿಗಿಂತ ಮುಂಚೆಯೇ ‘ರಾಕ್ ಅಂಡ್ ರೋಲ್’ ಎಂಬ ಓಲಾಡುವ ಟ್ರೇನರ್ ಮಾಡಿತ್ತು. ಹೆಚ್ಚಿನ ಕೆಲಸ ಮಾಡಿದ್ದು ಮಾತ್ರ ಮನೆಯ ಗ್ಯಾರೇಜಿನಲ್ಲಿ ಗರಗಸ ಹಿಡಿದವರು. ಎರಡು ಪ್ಲೈವುಡ್ ಹಲಗೆ, ನಡುವೆ ಉದ್ದಕ್ಕೆ ಒಂದು ಸರಳು, ಅದನ್ನು ಹಿಡಿಯಲು ಬೇರಿಂಗುಗಳು, ಎರಡೂ ಬದಿಗೆ ಮಕ್ಕಳಾಡುವ ಗಾಳಿ ಚೆಂಡು ಅಥವಾ ಟೆನಿಸ್ ಚೆಂಡು. ರಾಕರ್ ಪ್ಲೇಟ್ ಎನ್ನುವುದು ಇದನ್ನೇ. ಉಳಿದ ಕಂಪನಿಗಳು ಆಮೇಲೆ ಬಂದವು. ವಾಹೂ 2020ರಲ್ಲಿ ಟ್ರೇನರಿನ ಕಾಲಿಗೆ ರಬ್ಬರ್ ಬಿಲ್ಲೆ ಹಾಕಿ 5 ಡಿಗ್ರಿಯವರೆಗೆ ವಾಲುವಂತೆ ಮಾಡಿತು. 2023ರಲ್ಲಿ ಹಿಂದೆ ಮುಂದೆ ಜಾರುವ ಟ್ರೇನರನ್ನೂ ತಂದಿತು.

ಹಲಗೆ, ಚೆಂಡು ಎಂದರೆ ಸುಲಭ ಅನ್ನಿಸುತ್ತದೆ. ಆದರೆ ಇಲ್ಲೊಂದು ಲೆಕ್ಕ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಕೀಲಾಗಿರುವ ಸರಳು ನೆಲದ ಹತ್ತಿರವಿದೆ, ಸವಾರನ ಭಾರ ಅದರಿಂದ ಸುಮಾರು ಒಂದು ಮೀಟರ್ ಮೇಲಿದೆ. 80 ಕಿಲೋ ಭಾರ 5 ಡಿಗ್ರಿ ವಾಲಿದರೆ, ಅದನ್ನು ಬೀಳಿಸಲು ಎಳೆಯುವ ಬಲ ಒಂದು ಮೀಟರ್ ಉದ್ದದ ಅಡ್ಡಕೋಲಿನ ತುದಿಗೆ 7 ಕಿಲೋ ತೂಗುಹಾಕಿದಷ್ಟಾಗುತ್ತದೆ. ಚೆಂಡುಗಳು ಅದಕ್ಕಿಂತ ಹೆಚ್ಚಿನ ಬಲದಿಂದ ಎದುರೊತ್ತಬೇಕು. ನಡುಗೀಲಿನಿಂದ 25 ಸೆಂಟಿಮೀಟರ್ ದೂರದಲ್ಲಿ ಇಟ್ಟಿದ್ದರೆ, ಎರಡು ಬದಿಯ ಒತ್ತಡಗಳ ನಡುವೆ 28 ಕಿಲೋ ತೂಕಕ್ಕಿಂತ ಹೆಚ್ಚು ವ್ಯತ್ಯಾಸ ಬರಬೇಕು. ಕಡಿಮೆಯಾದರೆ ಸೈಕಲ್ಲು ಒಂದು ಪಕ್ಕಕ್ಕೆ ಕುಸಿದು ಅಲ್ಲೇ ನಿಲ್ಲುತ್ತದೆ. ತುಂಬ ಹೆಚ್ಚಾದರೆ ಹಲಗೆ ಕದಲುವುದೇ ಇಲ್ಲ. ಚೆಂಡನ್ನು ಎರಡರಷ್ಟು ದೂರಕ್ಕೆ ಸರಿಸಿದರೆ ಅದೇ ಚೆಂಡಿನ ಹಿಡಿತ ನಾಲ್ಕರಷ್ಟಾಗುತ್ತದೆ. ಹಾಗಾಗಿ ಹಲಗೆಯ ಅಗಲವನ್ನು ಕಣ್ಣಂದಾಜಿಗೆ ಬಿಡಬಾರದು.

ಎದ್ದು ನಿಂತು ತುಳಿಯುವಾಗ ಏನಾಗುತ್ತದೆ ಎಂಬುದನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ರಸ್ತೆಯಲ್ಲಿ ಬಲಗಾಲು ಒತ್ತಿದಾಗ ಸೈಕಲ್ಲು ಎಡಕ್ಕೆ ವಾಲುತ್ತದೆ. ಹಲಗೆಯ ಮೇಲೆ ಬಲಗಾಲಿನ ಭಾರ ಬಿದ್ದಾಗ ಹಲಗೆ ಬಲಕ್ಕೇ ಬಾಗಲು ನೋಡುತ್ತದೆ, ಕೈಯಿಂದ ಹ್ಯಾಂಡಲ್ ಎಳೆದು ಅದನ್ನು ತಿರುಗಿಸಬೇಕಾಗುತ್ತದೆ. ಅಭ್ಯಾಸವಾದರೆ ಆಗುತ್ತದೆ, ಆದರೆ ರಸ್ತೆಯ ಅನುಭವ ಅದಲ್ಲ. ರಸ್ತೆಯನ್ನೇ ಮನೆಗೆ ತರುತ್ತದೆ ಎಂಬ ಜಾಹೀರಾತನ್ನು ನಂಬಿ ದುಡ್ಡು ಹಾಕಬೇಡಿ. ಕೂತು ತುಳಿಯುವಾಗಿನ ನೆಮ್ಮದಿಗೆ ಹಾಕಿ, ಅದು ಖಂಡಿತ ಸಿಗುತ್ತದೆ.

ಹಿಂದೆ ಮುಂದೆ ಚಲಿಸುವುದು ಬೇರೆ ವಿಷಯ. ಕಾಲಿನ ಬಲ ಒಂದೇ ಸಮನೆ ಹರಿಯುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ರಸ್ತೆಯಲ್ಲಿ ಆ ಸಣ್ಣ ತಳ್ಳುವಿಕೆಗೆ ಸೈಕಲ್ಲು ಮುಂದಕ್ಕೆ ಜಾರಿಕೊಡುತ್ತದೆ. ನೆಲಕ್ಕೆ ಕಚ್ಚಿದ ಯಂತ್ರದಲ್ಲಿ ಅದೆಲ್ಲ ಮೈಗೇ ವಾಪಸ್ಸು ಬರುತ್ತದೆ. ಜೋರಾಗಿ ಏರು ಹತ್ತುವ ಅಭ್ಯಾಸ ಮಾಡುವವರಿಗೆ ಈ ಚಲನೆ ಒಳ್ಳೆಯದು. ಸಮಾಧಾನವಾಗಿ ಒಂದು ಗಂಟೆ ತುಳಿಯುವವರಿಗೆ ಪಕ್ಕದ ಓಲಾಟವೇ ಸಾಕು ಎಂಬುದು ನನ್ನ ಅಭಿಪ್ರಾಯ.

ಇಡಿಯ ಸ್ಮಾರ್ಟ್ ಸೈಕಲ್ಲುಗಳ ತೂಕ 40, 50 ಕಿಲೋ ಇರುತ್ತದೆ, ಹಲಗೆ ಅಷ್ಟನ್ನೂ ತಾಳಬೇಕು. ಮುಂಭಾಗ ತಾನೇ ಏರಿಳಿಯುವ ಸೈಕಲ್ಲಾದರೆ ಭಾರ ಹಿಂದಕ್ಕೆ ಮುಂದಕ್ಕೆ ಸರಿಯುತ್ತದೆ, ಆದ್ದರಿಂದ ಸರಳು ಹಲಗೆಯ ಉದ್ದಕ್ಕೂ ಇರಲಿ. ಸೈಕಲ್ಲಿನ ಕಾಲುಗಳನ್ನು ಹಲಗೆಗೆ ಬಿಗಿಯದೆ ಹತ್ತಬೇಡಿ. ಸೈಕಲ್ಲಿನ ಮೈಗೆ ತೂತು ಕೊರೆದರೆ ವಾರಂಟಿ ಹೋಗಬಹುದು, ಪಟ್ಟಿ ಅಥವಾ ಕ್ಲಾಂಪ್ ಬಳಸಿ. ಎರಡು ಹಲಗೆಗಳ ನಡುವಿನ ಸಂದು ಮಗುವಿನ ಬೆರಳು ಹಿಡಿಯುವಷ್ಟಿರುತ್ತದೆ, ಅದಕ್ಕೆ ಸುತ್ತ ಬಟ್ಟೆಯ ಅಂಚು ಕಟ್ಟಲೇಬೇಕು. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಗಾಳಿ ಚೆಂಡಿನಿಂದ ಇನ್ನೊಂದು ಲಾಭ ಉಂಟು, ಯಂತ್ರದ ಗುಂಯ್‌ಗುಟ್ಟುವ ನಡುಕ ಕೆಳಗಿನ ಮನೆಗೆ ಕಡಿಮೆ ಇಳಿಯುತ್ತದೆ.

ಓಲಾಟ ಎಲ್ಲಕ್ಕೂ ಮದ್ದಲ್ಲ. ಸೀಟಿನ ಎತ್ತರ, ಕೋನ ಸರಿಯಿರಬೇಕು, ಎದುರಿಗೊಂದು ಜೋರಾದ ಫ್ಯಾನು ಬೇಕು, ಹತ್ತು ನಿಮಿಷಕ್ಕೊಮ್ಮೆ ಎದ್ದು ತುಳಿಯಬೇಕು. ತುಳಿಯುವುದು ನಿಲ್ಲಿಸಿದ ಮೇಲೂ ಜೋಮು ಹೋಗದಿದ್ದರೆ ವೈದ್ಯರಿಗೆ ತೋರಿಸಿ, ಸಂಕೋಚ ಬೇಡ.

ವಾಲುವ ಮಿತಿ ಪ್ರತಿ ಬದಿಗೆ 5 ಡಿಗ್ರಿ ಇದ್ದರೆ ಧಾರಾಳ. ಅಷ್ಟಕ್ಕೇ ಸೀಟು ಅತ್ತಿತ್ತ ಸುಮಾರು 9 ಸೆಂಟಿಮೀಟರ್ ಸರಿಯುತ್ತದೆ. ಚೆಂಡುಗಳಲ್ಲಿ ಗಾಳಿ ಎಷ್ಟಿರಬೇಕೆಂದು ತಿಳಿಯಲು, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಸೈಕಲ್ ಏರಿ, ಕೊಂಚ ಒಂದು ಪಕ್ಕಕ್ಕೆ ವಾಲಿ ಮೈಯನ್ನು ಸಡಿಲ ಬಿಡಿ. ತಾನಾಗಿ, ನಿಧಾನವಾಗಿ ನೆಟ್ಟಗಾದರೆ ಸರಿಯಿದೆ. ವಾಲಿದಲ್ಲೇ ನಿಂತರೆ ಇನ್ನಷ್ಟು ಗಾಳಿ ತುಂಬಿ, ಪುಟಿದು ಹಿಂದಿರುಗಿದರೆ ಸ್ವಲ್ಪ ಬಿಡಿ. ಮನೆಯಲ್ಲಿ ಬೇರೆ ಬೇರೆ ತೂಕದವರು ತುಳಿಯುವುದಾದರೆ ಒಬ್ಬೊಬ್ಬರಿಗೂ ಎಷ್ಟು ಗಾಳಿ ಎಂದು ಹಲಗೆಯ ಮೇಲೇ ಪೆನ್ನಿನಲ್ಲಿ ಬರೆದಿಡಿ.