ಕುಣಿಗಲ್ ಲಾಯಗಳಿಗೆ ಇನ್ನೊಂದು ದಾರಿ ಇದೆ

ಕುಣಿಗಲ್ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಕೆರೆ, ಆ ಕೆರೆ ಮೇಲಿನ ಹಾಡು. ಇವತ್ತು ನಾನು ಮಾತಾಡೋದು ಅಲ್ಲಿನ ಕುದುರೆ ಲಾಯಗಳ ಬಗ್ಗೆ. ನಾನಿರೋದು ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳೀಲಿ. ಕುಣಿಗಲ್ ನಮ್ಮ ಜಿಲ್ಲೆಯ ಇನ್ನೊಂದು ತುದಿ. ಆದ್ರೂ ಇದು ನಮ್ಮ ವಿಷಯವೂ ಹೌದು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಕುಣಿಗಲ್ ಸ್ಟಡ್ ಫಾರ್ಮ್ ಟಿಪ್ಪು ಸುಲ್ತಾನನ ಅಶ್ವದಳಕ್ಕೆ ಕುದುರೆ ಸಾಕ್ತಿದ್ದ ಜಾಗ. 400 ಎಕರೆಗೂ ಹೆಚ್ಚು ಭೂಮಿ, ಹಳೇ ಮರಗಳು, ಬೆಂಗಳೂರು-ಮಂಗಳೂರು ಹೆದ್ದಾರಿ ಪಕ್ಕದಲ್ಲೇ. ಮುಂದೆ ಇಲ್ಲಿ ರೇಸ್ ಕುದುರೆಗಳನ್ನ ಬೆಳೆಸಿದ್ರು. 1992ರಲ್ಲಿ ಸರ್ಕಾರ ಇದನ್ನ ಖಾಸಗಿ ಕಂಪನಿಗೆ ಲೀಸ್‌ಗೆ ಕೊಡ್ತು. 2024ರಲ್ಲಿ ಇಲ್ಲಿ ಟೌನ್‌ಶಿಪ್ ಮಾಡೋ ಪ್ರಸ್ತಾಪ ಬಂತು, ಜೊತೆಗೇ ವಿರೋಧವೂ ಬಂತು.

ಒಂದು ಕಡೆ 'ಹಾಗೇ ಬಿಡಿ' ಅನ್ನೋರು, ಇನ್ನೊಂದು ಕಡೆ 'ಸೈಟ್ ಮಾಡಿ' ಅನ್ನೋರು. ಮಧ್ಯದಲ್ಲಿ ಮೂರನೇ ದಾರಿ ಒಂದಿದೆ. ಕುದುರೆಗಳನ್ನ ಉಳಿಸಿ, ಖಾಲಿ ಬಿದ್ದ ಲಾಯಗಳನ್ನ ಪ್ರವಾಸಿಗರು ತಂಗೋ ಕೋಣೆ ಮಾಡೋದು.

ಇದೇನು ಹೊಸದಲ್ಲ. ಲಂಡನ್‌ನಲ್ಲಿ 'ಮ್ಯೂಸ್' ಅಂತ ಗಲ್ಲಿಗಳಿವೆ. ಕೆಳಗೆ ಕುದುರೆ, ಸಾರೋಟು. ಮೇಲೆ ಸಾರೋಟು ಹೊಡೆಯೋನ ಮನೆ. ಮೋಟಾರು ಬಂದ ಮೇಲೆ ಅವೆಲ್ಲ ಮನೆಗಳಾದ್ವು, ಈಗ ಅವಕ್ಕೆ ಭಾರೀ ಬೆಲೆ. ಬ್ರೈಟನ್‌ನಲ್ಲಿ ರಾಜಕುಮಾರನ ಕುದುರೆ ಲಾಯವೇ ಈಗ ಸಂಗೀತ ಸಭಾಂಗಣ.

ಲಾಯ ಸುಲಭವಾಗಿ ಕೋಣೆ ಆಗೋಕೆ ಕಾರಣ ಇದೆ. ಬಾಗಿಲು ಅಗಲ, ಮಾಡು ಎತ್ತರ, ಗಾಳಿ ಚೆನ್ನಾಗಿ ಆಡುತ್ತೆ. ಸಾಲಾಗಿ ಒಂದೇ ಅಳತೆಯ ಗೂಡುಗಳಿರ್ತವೆ. ಎರಡು ಗೂಡು ಸೇರಿಸಿದ್ರೆ ಒಂದು ಕೋಣೆ ಆಯ್ತು.

ಆದ್ರೆ ಒಂದು ತೊಂದರೆ ಇದೆ. ವರ್ಷಗಟ್ಟಲೆ ಕುದುರೆ ಗಂಜಲ ಕುಡಿದ ಗೋಡೆಯೊಳಗೆ ಉಪ್ಪು ಸೇರಿರುತ್ತೆ. ಹಿಂದೆ ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪನ್ನ ತೆಗೀತಿದ್ದದ್ದೂ ಕೊಟ್ಟಿಗೆಯ ಇಂಥ ಮಣ್ಣಿಂದಲೇ. ಈ ಉಪ್ಪು ಗಾಳಿಯ ತೇವ ಎಳ್ಕೊಂಡು ಗೋಡೆನ ಒದ್ದೆ ಮಾಡುತ್ತೆ. ಅದರ ಮೇಲೆ ಸಿಮೆಂಟ್ ಬಳಿದ್ರೆ ತೇವ ಹೊರಗೆ ಹೋಗೋಕೆ ದಾರಿ ಇಲ್ಲ. ಕೆಲವೇ ವರ್ಷದಲ್ಲಿ ಹಕ್ಕಳೆ ಎದ್ದು ಬೀಳುತ್ತೆ. ಸುಣ್ಣದ ಗಾರೆಯೇ ಆಗ್ಬೇಕು, ಅದನ್ನ ಬಲ್ಲ ಗಾರೆ ಕೆಲಸದವರೂ ಬೇಕು. ಅಂದ್ರೆ ರಿಪೇರಿ ಶುರುವಾದ ದಿನದಿಂದಲೇ ಊರಿನವರಿಗೆ ಕೆಲಸ.

ಈಗ ಮುಖ್ಯ ಪ್ರಶ್ನೆ: ದುಡ್ಡು ಯಾರಿಗೆ ಹೋಗುತ್ತೆ? ನಮ್ಮ ರಾಜ್ಯದಲ್ಲೇ ಎರಡು ಮಾದರಿ ಇವೆ. ಕಬಿನಿಯಲ್ಲಿ ಮೈಸೂರು ಮಹಾರಾಜರು ಬೇಟೆಗೆ ಬಂದು ತಂಗ್ತಿದ್ದ ಬಂಗಲೆಯನ್ನ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಪ್ರವಾಸಿಗರಿಗೆ ತೆರೀತು. ಆಸ್ತಿ ಸರ್ಕಾರದ ಕೈಯಲ್ಲೇ ಉಳೀತು. ಮೈಸೂರಿನ ಚಿತ್ತರಂಜನ್ ಮಹಲ್ ರಾಜಕುಮಾರಿಯರಿಗಾಗಿ ಕಟ್ಟಿದ್ದು, ಆಮೇಲೆ ಪ್ರೀಮಿಯರ್ ಸ್ಟುಡಿಯೋ ಆಯ್ತು, ಈಗ ಗ್ರೀನ್ ಹೋಟೆಲ್. ಅದರ ಲಾಭ ಸೇವಾ ಕಾರ್ಯಗಳಿಗೆ ಹೋಗುತ್ತೆ.

ಕುಣಿಗಲ್‌ನಲ್ಲೂ ಹಾಗೇ ಆಗ್ಲಿ ಅನ್ನೋದು ನನ್ನ ಮಾತು. ಭೂಮಿ ಸರ್ಕಾರದ್ದೇ ಇರಲಿ. ಕುದುರೆ ನೋಡ್ಕೊಳ್ಳೋ ಸಾಯಿಸರ ಕುಟುಂಬಗಳಿಗೆ ಮೊದಲ ಕೆಲಸ ಸಿಗಲಿ. ಕುದುರೆ ಇಲ್ಲದ ಲಾಯ ಬರೀ ಇನ್ನೊಂದು ರೆಸಾರ್ಟ್ ಆಗುತ್ತೆ ಅಷ್ಟೆ.

ಇನ್ನು ಇದು ನಮ್ಮ ವಿಷಯ ಯಾಕೆ ಅಂದೆನಲ್ಲ? ಮಧುಗಿರಿ, ಮಿಡಿಗೇಶಿ, ಪಾವಗಡ, ಎಲ್ಲಾ ಕಡೆ ಕೋಟೆ ಇದೆ. ಬೆಂಗಳೂರಿಂದ ಬೆಳಗ್ಗೆ ಬೆಟ್ಟ ಹತ್ತೋಕೆ ಬರೋರು ಸಂಜೆಗೆ ವಾಪಸ್ ಹೋಗ್ತಾರೆ. ನಮಗೆ ಉಳಿಯೋದು ಖಾಲಿ ನೀರಿನ ಬಾಟ್ಲು. ರಾತ್ರಿ ಉಳಿದ್ರೆ ಊಟ, ಹಾಲು, ಆಟೋ, ಗೈಡು ಎಲ್ಲಕ್ಕೂ ದುಡ್ಡು ಬರುತ್ತೆ. ನಮ್ಮೂರುಗಳಲ್ಲಿ ಹಳೇ ತೊಟ್ಟಿ ಮನೆ, ಗಾಡಿ ಕೊಟ್ಟಿಗೆಗಳು ಬೀಗ ಹಾಕ್ಕೊಂಡು ಬೀಳ್ತಿವೆ. ಕುಣಿಗಲ್‌ನಲ್ಲಿ ಸರ್ಕಾರ ಇದನ್ನ ಸರಿಯಾಗಿ ಮಾಡಿ ತೋರಿಸಿದ್ರೆ, ಇಲ್ಲಿ ನಾವೂ ಧೈರ್ಯ ಮಾಡಬಹುದು. ಅಲ್ಲಿ ಸೈಟ್ ಆದ್ರೆ, ಇಲ್ಲಿನವರು ಕಲಿಯೋದೂ ಅದನ್ನೇ.

ನಿಮ್ಮೂರಲ್ಲಿ ಅಂಥ ಕಟ್ಟಡ ಇದ್ರೆ, ಕೆಡವೋ ಮುಂಚೆ ಒಂದ್ಸಲ ಒಳಗೆ ಹೋಗಿ ನೋಡಿ. ಮತ್ತೆ ಸಿಗೋಣ.