ಮೇಲಿನ ಊರು ದೂರ

(ನರಗುಂದದ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಎಂಜಿನಿಯರರೊಬ್ಬರು ಮಾಡಿದ ಭಾಷಣದ ಬರಹರೂಪ)

 

ನನ್ನ ಸೇವೆಯೆಲ್ಲ ಕಾಲುವೆಯ ದಂಡೆಯ ಮೇಲೆ ಕಳೆಯಿತು. ವೇದಿಕೆ ಹತ್ತಿ ರೂಢಿಯಿಲ್ಲ. ಆದರೂ ಪೂಜ್ಯರು ಕರೆದು, "ನಾಡು ಒಂದಾಗಿ ಇಷ್ಟು ವರ್ಷವಾಯಿತು, ನಾವು ಆ ಕಡೆಯವರು, ಈ ಕಡೆಯವರು ಅನ್ನುವುದು ಯಾಕೆ ನಿಂತಿಲ್ಲ? ಇದರ ಬಗ್ಗೆ ಮಾತಾಡಿ" ಎಂದರು. ಒಪ್ಪಿಕೊಂಡೆ. ಒಪ್ಪಲು ಒಂದು ಸ್ವಂತ ಕಾರಣವೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಈ ಗೆರೆಗಳನ್ನು ಎಳೆದವರು ಯಾರು ಎಂಬುದನ್ನು ನೋಡೋಣ. ನರಗುಂದದಲ್ಲಿ ನಿಂತರೆ ಸಾಕು, ದೂರ ಹೋಗಬೇಕಾಗಿಲ್ಲ. ನಮ್ಮ ಬಾಬಾಸಾಹೇಬರು 1858ರಲ್ಲಿ ಬಂಡೆದ್ದರು. ಬ್ರಿಟಿಷರು ಅವರನ್ನು ಗಲ್ಲಿಗೇರಿಸಿ ಸಂಸ್ಥಾನವನ್ನು ನುಂಗಿದರು. ಅದೇ ಮನೆತನದ ಇನ್ನೊಂದು ಕವಲು ಆಳುತ್ತಿದ್ದ ರಾಮದುರ್ಗ ಮಾತ್ರ ಸ್ವಾತಂತ್ರ್ಯ ಬರುವವರೆಗೂ ಸಂಸ್ಥಾನವಾಗಿಯೇ ಉಳಿಯಿತು. ಹೀಗೆ ನೆರೆಯ ಎರಡು ಊರುಗಳಿಗೆ ಎರಡು ಆಡಳಿತ. ಇತ್ತ ಗಜೇಂದ್ರಗಡಕ್ಕೆ ಬನ್ನಿ. 1947ರ ಆಗಸ್ಟ್ 15ರಂದು ಅಲ್ಲಿ ಸ್ವಾತಂತ್ರ್ಯ ಬಂತು. ಅಲ್ಲಿಂದ ಮುಂದಿನ ಕುಷ್ಟಗಿ ನಿಜಾಮರದು. ಅಲ್ಲಿಯ ಜನ 1948ರ ಸೆಪ್ಟೆಂಬರ್ 17ರವರೆಗೆ, ಅಂದರೆ ಹದಿಮೂರು ತಿಂಗಳು ಕಾಯಬೇಕಾಯಿತು. ಆ ಹದಿಮೂರು ತಿಂಗಳು ಗಡಿಯ ಈಚೆಯವರು ಸುಮ್ಮನೆ ಕೂಡಲಿಲ್ಲ. ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಶಿಬಿರ ಕಟ್ಟಿದರು. ಆಚೆಯಿಂದ ಬಂದವರಿಗೆ ಈಚೆಯ ಮನೆಗಳಲ್ಲಿ ರೊಟ್ಟಿ ಸಿಕ್ಕಿತು.

ನಾಡು ಹೀಗೆ ತುಂಡಾಗಿದ್ದಾಗ ಒಂದೊಂದು ತುಂಡು ಒಂದೊಂದು ಬಗೆಯಲ್ಲಿ ಬೆಳೆಯಿತು. ನಮ್ಮಲ್ಲಿ ಮಾಮಲೇದಾರ, ಮೈಸೂರಿನಲ್ಲಿ ಅಮಲ್ದಾರ. ಹೊಲದ ಕಾಗದಕ್ಕೆ ನಾವು ಉತಾರ ಎಂದರೆ ಅವರು ಪಹಣಿ ಎನ್ನುತ್ತಾರೆ. ಹೆಸರಿನ ವ್ಯತ್ಯಾಸದಿಂದ ಯಾರಿಗೂ ನಷ್ಟವಿಲ್ಲ. ನಷ್ಟವಾದದ್ದು ಬೇರೆ ಕಡೆ. ಮೈಸೂರು ಅರಸರ ಕಾಲದಲ್ಲಿ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿತು. 1916ರಲ್ಲಿ ವಿಶ್ವವಿದ್ಯಾಲಯ ಬಂತು. ಕನ್ನಂಬಾಡಿ ಕಟ್ಟೆ ಎದ್ದಿತು. ಆಗ ನಾವು ಮುಂಬಯಿ ಪ್ರಾಂತ್ಯದ ದಕ್ಷಿಣದ ತುದಿ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಆಣೆಕಟ್ಟು ಬರಲು ನಾಡು ಒಂದಾಗುವವರೆಗೆ ಕಾಯಬೇಕಾಯಿತು. ಕಲಬುರ್ಗಿಗೆ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಇದು ಇತಿಹಾಸ ಕೊಟ್ಟ ಪೆಟ್ಟು. ಇದನ್ನು ಇಲ್ಲವೆನ್ನುವವರು ಕಣ್ಣು ಮುಚ್ಚಿಕೊಂಡವರು.

ಇಷ್ಟೆಲ್ಲ ಇದ್ದರೂ ಒಂದಾಗಬೇಕೆಂದು ಹೆಚ್ಚು ಹಂಬಲಿಸಿದವರು ನಮ್ಮ ಭಾಗದವರೇ. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ರೋಣ ತಾಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಏಕೀಕರಣಕ್ಕಾಗಿ ಮುಂಬಯಿ ಶಾಸನಸಭೆಯ ಸ್ಥಾನವನ್ನೇ ಬಿಟ್ಟರು. ಅದರಗುಂಚಿ ಶಂಕರಗೌಡರು 1953ರಲ್ಲಿ ಉಪವಾಸ ಕೂತರು. ಆಗ ಹಳೆಯ ಮೈಸೂರಿನಲ್ಲಿ ವಿರೋಧವೂ ಇತ್ತು. ಉತ್ತರದ ಜಿಲ್ಲೆಗಳು ಸೇರಿದರೆ ಲಿಂಗಾಯತರ ಸಂಖ್ಯೆ ಹೆಚ್ಚಾಗಿ ತಮ್ಮ ಕೈ ಕೆಳಗಾದೀತು ಎಂಬ ಅಂಜಿಕೆ ಅಲ್ಲಿಯ ಕೆಲವರಿಗೆ ಇತ್ತು. ಆದರೆ ಅಲ್ಲಿಯ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು, ಒಕ್ಕಲಿಗ ಸಮಾಜದವರು, ಏಕೀಕರಣದ ಪರ ನಿಂತರು. ಅದರ ಫಲವಾಗಿ 1956ರ ನವೆಂಬರ್ 1ರಂದು ನಾಡು ಒಂದಾಯಿತು. ಜಾತಿಯ ಲೆಕ್ಕ ಮೀರಿ ನಿಂತವರು ಎರಡೂ ಕಡೆ ಇದ್ದರು ಎಂಬುದನ್ನು ನಾವು ಮರೆಯಬಾರದು.

ಈಗ ಎರಡನೆಯ ಕಾರಣ. ಅನ್ಯಾಯವಾದಾಗ ಅದಕ್ಕೊಂದು ಹೆಸರು ಬೇಕಾಗುತ್ತದೆ. ಒಬ್ಬ ರೈತ "ನನಗೆ ನೀರಿಲ್ಲ" ಎಂದರೆ ಯಾರೂ ಕೇಳುವುದಿಲ್ಲ. "ಉತ್ತರ ಕರ್ನಾಟಕಕ್ಕೆ ನೀರಿಲ್ಲ" ಎಂದರೆ ಕೇಳುತ್ತಾರೆ. 2015ರಿಂದ ಮಹದಾಯಿಗಾಗಿ ಈ ಊರಿನಲ್ಲಿ ಕುಳಿತವರಿಗೆ ಇದು ಗೊತ್ತು. ಆದ್ದರಿಂದ ಭಾಗದ ಹೆಸರು ಹೇಳುವುದೇ ತಪ್ಪು ಎಂದು ನಾನು ಹೇಳಲಾರೆ. ಅದು ಒಂದು ಅಳತೆಗೋಲು. ಆದರೆ ಅಳತೆಗೋಲಿನಲ್ಲಿ ದೋಷವಿದ್ದರೆ ಕಟ್ಟಡವೇ ವಾಲುತ್ತದೆ.

ಪ್ರೊ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ನಮ್ಮ ಭಾಷಣಗಳಲ್ಲಿ ಆ ಹೆಸರು ಬಾರದ ದಿನವಿಲ್ಲ. ವರದಿ ಓದಿದವರು ಕಡಿಮೆ. ಆ ಸಮಿತಿ ಅಳೆದದ್ದು ತಾಲೂಕುಗಳನ್ನು. ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವು. ಅವುಗಳಲ್ಲಿ ಉತ್ತರದವು 59, ದಕ್ಷಿಣದವು 55. ಅತ್ಯಂತ ಹಿಂದುಳಿದ 39ರಲ್ಲಿ 26 ನಮ್ಮ ಕಡೆಯವು, ಅದರಲ್ಲೂ 21 ಕಲಬುರ್ಗಿ ವಿಭಾಗದವು. ಉಳಿದ 13 ದಕ್ಷಿಣದವು. ನಮ್ಮ ಕಡೆ ಕಷ್ಟ ಆಳವಾಗಿದೆ, ಅದು ನಿಜ. ಆದರೆ ಆ 13 ತಾಲೂಕುಗಳ ತಾಯಿಯೂ ಕೊಡ ಹೊತ್ತು ನೀರಿಗೆ ನಡೆಯುತ್ತಾಳೆ. "ದಕ್ಷಿಣದವರೆಲ್ಲ ಉಂಡು ಮಲಗಿದ್ದಾರೆ" ಎಂದಾಗ ನಾವು ಅವಳನ್ನು ಲೆಕ್ಕದಿಂದ ಅಳಿಸುತ್ತೇವೆ. ಹಾಗೆಯೇ "ಉತ್ತರದವರಿಗೆ ಎಷ್ಟು ಕೊಟ್ಟರೂ ಸಾಲದು" ಎನ್ನುವವರು ನಮ್ಮ ತಾಯಿಯನ್ನು ಅಳಿಸುತ್ತಾರೆ.

ಮೂರನೆಯ ಕಾರಣ ಹೇಳಲು ಕಷ್ಟವಾದದ್ದು. ಭಾಗದ ಹೆಸರು ನಮ್ಮ ತಪ್ಪನ್ನು ಮುಚ್ಚಲು ಒಳ್ಳೆಯ ಕಂಬಳಿ.

ನಾನು ಕಿರಿಯ ಎಂಜಿನಿಯರನಾಗಿ ನಮ್ಮ ಕಡೆಯದೇ ಒಂದು ಕಾಲುವೆಯ ಮೇಲೆ ಕೆಲಸ ಮಾಡುತ್ತಿದ್ದೆ. ಕಾಲುವೆಯ ತಲೆಯ ಊರುಗಳಲ್ಲಿ ಕಬ್ಬು. ನಕ್ಷೆಯಲ್ಲಿ ಬರೆದದ್ದು ಜೋಳ, ಹತ್ತಿ. ರಾತ್ರಿ ತೂಬಿನ ಗೇಟು ಎತ್ತುವುದು, ಪಂಪು ಹಚ್ಚುವುದು, ಎಲ್ಲ ನಡೆಯುತ್ತಿತ್ತು. ಬಾಲದ ಊರಿಗೆ ಹೋಗುವಷ್ಟರಲ್ಲಿ ಕಾಲುವೆಯಲ್ಲಿ ಜಾಲಿ ಬೆಳೆದಿರುತ್ತಿತ್ತು. ಒಂದು ದಿನ ಅಲ್ಲಿಯ ಮುದುಕರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ನಾನು ಸಮಾಧಾನ ಹೇಳಲು, "ಏನು ಮಾಡೂದ್ರಿ ಯಜಮಾನ್ರ, ಬೆಂಗಳೂರಿನವರು ರೊಕ್ಕಾ ಬಿಡೂದಿಲ್ಲ" ಎಂದೆ. ಅವರು ನಕ್ಕರು. "ಸಾಹೇಬ್ರ, ನಮಗ ಬೆಂಗಳೂರು ದೂರ ಇಲ್ರಿ. ಮ್ಯಾಲಿನ ಊರು ದೂರ ಐತಿ."

ಮೇಲಿನ ಊರು ಎಂಟು ಕಿಲೋಮೀಟರ್. ಅಲ್ಲಿಯವರೂ ಇಷ್ಟಲಿಂಗ ಕಟ್ಟಿದವರು, ಇವರೂ ಕಟ್ಟಿದವರು. ಗೇಟು ಎತ್ತಿದವರಲ್ಲಿ ಕೆಲವರು ಮರುದಿನ ಅನ್ಯಾಯದ ವಿರುದ್ಧದ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂಡುತ್ತಿದ್ದರು. ನಾನೂ ಅವರನ್ನು ಎದುರು ಹಾಕಿಕೊಳ್ಳಲಿಲ್ಲ. ವರದಿಯಲ್ಲಿ "ನೀರಿನ ಹರಿವು ಕಡಿಮೆ" ಎಂದು ಬರೆದೆ. ಯಾರು ಕಡಿಮೆ ಮಾಡಿದರು ಎಂದು ಬರೆಯಲಿಲ್ಲ.

ಇದೇ ನರಗುಂದ ಇನ್ನೊಂದು ಪಾಠವನ್ನೂ ಕಲಿಸಿದೆ. 1980ರ ಜುಲೈ 21ರಂದು ಇಲ್ಲಿ, ನವಲಗುಂದದಲ್ಲಿ ಗೋಲಿಬಾರ್ ಆಯಿತು. ನೀರು ಬಾರದ ಹೊಲಕ್ಕೂ ಅಭಿವೃದ್ಧಿ ಕರ ಕೇಳಿದ್ದಕ್ಕೆ ಎದ್ದ ರೈತರು ಜೀವ ಕೊಟ್ಟರು. ನಾನಾಗ ವಿದ್ಯಾರ್ಥಿ. ಆ ನೋವಿಗೆ ಓಗೊಟ್ಟವರು ಯಾರು? ಶಿವಮೊಗ್ಗದ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಮೈಸೂರು ಕಡೆಯ ಎಂ.ಡಿ. ನಂಜುಂಡಸ್ವಾಮಿ. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ನರಗುಂದದ ಗಾಯ ಮಲೆನಾಡಿನಲ್ಲಿ ನೋಯಿತು. ಅವರು "ಅದು ಉತ್ತರದವರ ಸಮಸ್ಯೆ" ಎಂದು ಕುಳಿತಿದ್ದರೆ ಏನಾಗುತ್ತಿತ್ತು, ಯೋಚಿಸಿ.

ಕಲ್ಯಾಣವನ್ನೇ ನೋಡಿ. ಬಸವಣ್ಣನವರು ಬಾಗೇವಾಡಿಯ ಕಡೆಯವರು. ಅಲ್ಲಮಪ್ರಭುಗಳು ಬಳ್ಳಿಗಾವಿಯವರು, ಸಿದ್ಧರಾಮರು ಸೊನ್ನಲಿಗೆಯವರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ, ಆದಯ್ಯನವರು ಸೌರಾಷ್ಟ್ರದಿಂದ ಬಂದವರೆಂದು ನಮ್ಮ ಪರಂಪರೆ ಹೇಳುತ್ತದೆ. ಅನುಭವ ಮಂಟಪದ ಬಾಗಿಲಲ್ಲಿ ಊರು ಕೇಳಿದ್ದರೆ ಅವರಲ್ಲಿ ಎಷ್ಟು ಜನ ಒಳಗೆ ಬರುತ್ತಿದ್ದರು? 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂದು, 2021ರಲ್ಲಿ ನಮ್ಮ ಮುಂಬಯಿ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕ ಎಂದು ಹೆಸರಿಟ್ಟರು. ಪರರ ಹೆಸರು ಹೋಗಿ ನಮ್ಮ ಹೆಸರು ಬಂತು, ಸಂತೋಷ. ಆದರೆ ಫಲಕ ಬದಲಾಯಿತು, ಗೆರೆ ಅಲ್ಲೇ ಇದೆ. ಎಲ್ಲರನ್ನೂ ಒಳಗೆ ಕರೆದ ಊರಿನ ಹೆಸರು ಏಳು ಜಿಲ್ಲೆಗಳ ಬೇಲಿಯಾಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಇನ್ನು ನನ್ನ ಸ್ವಂತ ಮಾತು. ನನ್ನ ಮಗಳಿಗೆ ತಿಪಟೂರು ಕಡೆಯಿಂದ ಒಂದು ಸಂಬಂಧ ಬಂದಿತ್ತು. ಲಿಂಗಾಯತರೇ. ಹುಡುಗ ಓದಿದವ, ಮನೆತನ ಒಳ್ಳೆಯದು. ಮಗಳಿಗೂ ಒಪ್ಪಿಗೆಯಿತ್ತು. ನಾನು ಬೇಡವೆಂದೆ. "ಆ ಕಡೆ ಮಂದಿ ನಮಗ ಹೊಂದೂದಿಲ್ಲ. ನಾವು ರೊಟ್ಟಿ, ಅವರು ಮುದ್ದಿ" ಎಂದೆ. ಅದರ ಹಿಂದಿನ ವಾರವಷ್ಟೇ ಮಠದಲ್ಲಿ, ಬಂದವರ ಕುಲ ಕೇಳಬಾರದೆಂಬ ಬಸವಣ್ಣನವರ ವಚನದ ಮೇಲೆ ಅರ್ಧ ತಾಸು ಮಾತಾಡಿದ್ದೆ. ನನ್ನ ಮನೆಯವರು ಒಲೆಯ ಮುಂದಿನಿಂದ ಏಳದೆ ಒಂದೇ ಮಾತು ಕೇಳಿದರು: "ನೀವು ಲಿಂಗಾ ನೋಡ್ತೀರೋ, ಊರು ನೋಡ್ತೀರೋ?" ಉತ್ತರ ಹೇಳದೆ ಹೊರಗೆ ಹೋದೆ. ಮಗಳು ಮುಂದೆ ಬೇರೆ ಕಡೆ ಮದುವೆಯಾದಳು, ಚೆನ್ನಾಗಿದ್ದಾಳೆ. ಅದರಿಂದ ನನ್ನ ತಪ್ಪು ಸರಿಯಾಗಲಿಲ್ಲ. ಸರ್ಕಾರ ಎಳೆದ ಗೆರೆಯನ್ನು ನಾನು ನನ್ನ ಅಡುಗೆಮನೆಯವರೆಗೆ ತಂದಿದ್ದೆ.

ಆದ್ದರಿಂದ ಮೂರು ವಿನಂತಿ. ಅನ್ಯಾಯದ ಲೆಕ್ಕವನ್ನು ತಾಲೂಕು, ಊರು, ಮನೆ ಹಿಡಿದು ಹೇಳೋಣ. ಆಗ ಪಾವಗಡದವನೂ ನಮ್ಮ ಜೊತೆ ನಿಲ್ಲುತ್ತಾನೆ. ಕಾಲುವೆಯ ತಲೆಯಲ್ಲಿ ಹೊಲವಿರುವ ಶರಣರು ತಮ್ಮ ಪಾಳಿ ಮುಗಿದ ಕೂಡಲೇ ತಾವೇ ಗೇಟು ಇಳಿಸಲಿ. ಅದೂ ಒಂದು ದಾಸೋಹ. ಮಠಗಳಲ್ಲಿ ನಡೆಯುವ ವಧು-ವರರ ಸಮಾವೇಶಗಳಲ್ಲಿ "ಯಾವ ಕಡೆಯವರು" ಎಂದು ಕೇಳುವುದನ್ನು ಬಿಡೋಣ. ಒಳಪಂಗಡ ಕೇಳುವುದನ್ನು ಬಿಡಬೇಕೆಂದು ಎಷ್ಟೋ ವರ್ಷದಿಂದ ಹೇಳುತ್ತಿದ್ದೇವೆ. ಇದನ್ನೂ ಅದರ ಜೊತೆ ಸೇರಿಸಿ.

ಬೆಂಗಳೂರಿಗೆ ಪ್ರಶ್ನೆ ಕೇಳುವುದನ್ನು ನಿಲ್ಲಿಸುವುದು ಬೇಡ. ಕೇಳಲೇಬೇಕು. ಕೇಳುವ ಮುನ್ನ ಒಮ್ಮೆ ನಮ್ಮ ಕಾಲುವೆಯ ಉದ್ದಕ್ಕೂ ನಡೆದು, ಬಾಲದ ಊರಿನವರೆಗೆ ಹೋಗಿ ಬರೋಣ.