ಬಿಸಿಗಾಳಿಯ ಎಚ್ಚರಿಕೆಗಾಗಿ ಕಾಯಬೇಡಿ: ದುಡಿಯುವವರ ಶಾಖಬಾಧೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಬೆಳಗಾವಿ ಮತ್ತು ಖಾನಾಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅನಗೋಳದಲ್ಲಿ ಏರ್ಪಡಿಸಿದ್ದ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



“ನಮ್ಮದು ತಂಪಿನ ಸೀಮೆ, ಬಿಸಿಲಿನ ಚಿಂತೆ ಕಲಬುರಗಿ, ರಾಯಚೂರಿನವರಿಗೆ” ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಬೆಳಗಾವಿ ನಗರವು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಖಾನಾಪುರದ ಪಶ್ಚಿಮ ಭಾಗವಂತೂ ಸಹ್ಯಾದ್ರಿಯ ದಟ್ಟ ಕಾಡು. ಆದ್ದರಿಂದ ಈ ಭಾವನೆಗೆ ಆಧಾರವಿಲ್ಲವೆಂದು ನಾನು ಹೇಳಲಾರೆ. ಆದರೆ ಅದೇ ಭಾವನೆ ನಮ್ಮ ಕಾರ್ಮಿಕರ ಪಾಲಿಗೆ ಅಪಾಯವಾಗಿದೆ ಎಂಬುದನ್ನು ಇಂದು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಬಳಿಕವೇ ಹವಾಮಾನ ಇಲಾಖೆ ಬಿಸಿಗಾಳಿಯ ಸ್ಥಿತಿಯನ್ನು ಪರಿಗಣಿಸುತ್ತದೆ. ಆ ಅಂಕಿಯನ್ನು ನೆರಳಿನಲ್ಲಿಟ್ಟ ಮಾಪಕದಿಂದ ಪಡೆಯಲಾಗುತ್ತದೆ. ಬಿಸಿಲಿನಲ್ಲಿ ಗುದ್ದಲಿ ಹಿಡಿದವನ ದೇಹ ಈ ಅಂಕಿಗಾಗಿ ಕಾಯುವುದಿಲ್ಲ. ಮೈಮುರಿದು ದುಡಿಯುವಾಗ ಸ್ನಾಯುಗಳೇ ಶಾಖವನ್ನು ಹುಟ್ಟಿಸುತ್ತವೆ. ಆ ಶಾಖ ಹೊರಹೋಗಲು ಇರುವ ಮುಖ್ಯ ದಾರಿ ಬೆವರು ಆರುವುದು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಮುಂಗಾರಿಗೆ ಮುನ್ನ ಖಾನಾಪುರದ ಕಾಡಂಚಿನಲ್ಲಿ ಮೋಡ ಕವಿದು ಸೆಕೆ ಕಟ್ಟಿದಾಗ 34 ಡಿಗ್ರಿಯಲ್ಲಿಯೂ ಗಟ್ಟಿಮುಟ್ಟಾದ ಆಳು ಕುಸಿಯಬಹುದು. ಅಂದು ಯಾವ ಎಚ್ಚರಿಕೆಯ ಸಂದೇಶವೂ ತಮ್ಮ ಕಚೇರಿಗೆ ಬಂದಿರುವುದಿಲ್ಲ.

ನಾವು ಕುಳಿತಿರುವ ಅನಗೋಳಕ್ಕೆ ಹತ್ತಿರದಲ್ಲಿಯೇ ಉದ್ಯಮಬಾಗ ಕೈಗಾರಿಕಾ ಪ್ರದೇಶವಿದೆ. ಬೆಳಗಾವಿಯ ಫೌಂಡ್ರಿಗಳು ಹೆಸರುವಾಸಿಯಾದವು. ಅಲ್ಲಿ 1,300 ಡಿಗ್ರಿಗೂ ಮೀರಿದ ಕರಗಿದ ಕಬ್ಬಿಣದ ಎದುರು ನಿಂತವನಿಗೆ ಡಿಸೆಂಬರ್ ಕೂಡ ಬೇಸಿಗೆಯೇ. ಇತ್ತ ಖಾನಾಪುರದ ಮಣ್ಣು ಹೆಂಚು, ಇಟ್ಟಿಗೆ ಮತ್ತು ಕುಂಬಾರಿಕೆಗೆ ಪ್ರಸಿದ್ಧವಾದುದು. ಭಟ್ಟಿಯ ಬಳಿ ಇಟ್ಟಿಗೆ ಹೊರುವ ಹೆಣ್ಣುಮಕ್ಕಳಿಗೆ ಮೇಲಿನಿಂದ ಬಿಸಿಲು, ಪಕ್ಕದಿಂದ ಬೆಂಕಿ. ಕಾರ್ಖಾನೆಯ ಒಳಗಿನ ವ್ಯವಸ್ಥೆ ಪಂಚಾಯಿತಿಯ ಕೈಯಲ್ಲಿಲ್ಲ ಎಂಬುದು ನಿಜ. ಆದರೆ ಅಲ್ಲಿ ದುಡಿದು ಸಂಜೆ ಮನೆಗೆ ಮರಳುವವರು ನಮ್ಮ ಊರಿನವರು. ಉದ್ಯೋಗ ಖಾತರಿಯ ಕೆರೆ, ಬದು, ಕಾಲುವೆ ಕಾಮಗಾರಿಗಳಾದರೋ ಸಂಪೂರ್ಣವಾಗಿ ನಮ್ಮ ಕೈಯಲ್ಲಿಯೇ ಇವೆ.

ಉದ್ಯೋಗ ಖಾತರಿಯ 2005ರ ಕಾಯ್ದೆಯು ತನ್ನ ಎರಡನೇ ಅನುಸೂಚಿಯಲ್ಲಿ ಕಾಮಗಾರಿ ಸ್ಥಳಕ್ಕೆ ಕುಡಿಯುವ ನೀರು, ನೆರಳು ಮತ್ತು ಪ್ರಥಮ ಚಿಕಿತ್ಸಾ ಪೆಟ್ಟಿಗೆಯನ್ನು ವಿಧಿಸಿತು. ಇದು ದಯೆಯಿಂದ ಕೊಡುವ ಸೌಲಭ್ಯವಲ್ಲ, ಕಾರ್ಮಿಕರ ಹಕ್ಕು. ಆದರೂ ನೀರಿನ ಲೆಕ್ಕವನ್ನು ನಾವು ಹೇಗೆ ಹಾಕುತ್ತೇವೆ? ಬಿಸಿಲಿನಲ್ಲಿ ದುಡಿಯುವವರು 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಗಂಟೆಗೆ ಮುಕ್ಕಾಲು ಲೀಟರಿನಷ್ಟು ನೀರು ಕುಡಿಯಬೇಕು. 50 ಜನ ಐದು ಗಂಟೆ ದುಡಿದರೆ ಬೇಕಾಗುವುದು ಸುಮಾರು 190 ಲೀಟರ್. ನಾವು ಕಳುಹಿಸುವುದು 20 ಲೀಟರಿನ ಒಂದು ಕ್ಯಾನ್ ಆದರೆ ತಲೆಗೆ ದಕ್ಕುವುದು ದಿನಕ್ಕೆ 400 ಮಿಲಿಲೀಟರ್. ಕಡತದಲ್ಲಿ “ನೀರಿನ ವ್ಯವಸ್ಥೆ ಇದೆ” ಎಂದು ಬರೆದಿರುತ್ತದೆ. ಕಾರ್ಮಿಕರು ಮಾತ್ರ ಬಾಯಾರಿರುತ್ತಾರೆ.

ಸಭೆಯಲ್ಲಿ ಸಂಕೋಚದಿಂದ ಯಾರೂ ಎತ್ತದ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಮೂತ್ರ ವಿಸರ್ಜನೆಗೆ ಮರೆಯಾದ ಸ್ಥಳವಿಲ್ಲದ ಕಡೆ ಹೆಣ್ಣುಮಕ್ಕಳು ಬೇಕೆಂದೇ ನೀರು ಕುಡಿಯುವುದಿಲ್ಲ. ಅವರಿಗೆ “ನೀರು ಕುಡಿಯಿರಿ” ಎಂದು ಬೋಧಿಸುವುದಕ್ಕಿಂತ ನಾಲ್ಕು ಗಳ ನೆಟ್ಟು ತಡಿಕೆ ಕಟ್ಟಿಸುವುದು ಹೆಚ್ಚು ಪರಿಣಾಮಕಾರಿ.

ಇನ್ನು ಹೊಸಬರ ವಿಷಯ. ಬಿಸಿಲಿನ ದುಡಿಮೆಗೆ ದೇಹ ಹೊಂದಿಕೊಳ್ಳಲು ಒಂದರಿಂದ ಎರಡು ವಾರಗಳು ಬೇಕು. ಶಾಖದಿಂದ ಸಂಭವಿಸುವ ಸಾವುಗಳಲ್ಲಿ ಹೆಚ್ಚಿನವು ಕೆಲಸದ ಮೊದಲ ಕೆಲವು ದಿನಗಳಲ್ಲಿಯೇ ಆಗುತ್ತವೆ. ಆದ್ದರಿಂದ ಹೊಸಬರಿಗೆ ಮೊದಲ ದಿನ ಐದನೇ ಒಂದು ಭಾಗದಷ್ಟು ಭಾರದ ಕೆಲಸ ಕೊಟ್ಟು, ದಿನಕ್ಕೆ ಅಷ್ಟಷ್ಟೇ ಏರಿಸಬೇಕು. ರೋಗದಿಂದ ಎದ್ದು ಅಥವಾ ಬಹುದಿನ ಬಿಟ್ಟು ಮರಳಿ ಬಂದ ಅನುಭವಿಗಳು ಅರ್ಧ ಕೆಲಸದಿಂದ ಆರಂಭಿಸಿ ನಾಲ್ಕನೇ ದಿನಕ್ಕೆ ಪೂರ್ಣ ಕೆಲಸಕ್ಕೆ ಬರಬಹುದು. ಗರ್ಭಿಣಿಯರು, ವಯಸ್ಸಾದವರು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಕ್ಕೆ ಔಷಧ ಸೇವಿಸುವವರು, ಹಿಂದಿನ ರಾತ್ರಿ ಮದ್ಯ ಸೇವಿಸಿದವರು ಯಾರೆಂಬುದು ಕಾಯಕ ಬಂಧುವಿಗೆ ತಿಳಿದಿರಬೇಕು.

ಅಳತೆಯ ಕೂಲಿಯೂ ಅಪಾಯಕ್ಕೆ ಕಾರಣವಾಗುತ್ತದೆ. ಅಗೆದಷ್ಟೇ ಕೂಲಿ ಎಂದಾಗ ತಲೆ ಸುತ್ತಿದರೂ ಜನ ಕೂರುವುದಿಲ್ಲ. ಬೆಳಗಾವಿ ಮತ್ತು ಕಲಬುರಗಿ ವಿಭಾಗಗಳ ಜಿಲ್ಲೆಗಳಿಗೆ ಬೇಸಿಗೆಯಲ್ಲಿ ಕೆಲಸದ ಪ್ರಮಾಣದಲ್ಲಿ ಶೇ. 30ರವರೆಗೆ ರಿಯಾಯಿತಿ ನೀಡುತ್ತ ಬಂದಿರುವುದು ಇದೇ ಕಾರಣಕ್ಕೆ. ಆ ರಿಯಾಯಿತಿ ಅಳತೆ ಪುಸ್ತಕದಲ್ಲಿಯೇ ಉಳಿಯದೆ, ಗುದ್ದಲಿ ಹಿಡಿದವರ ಕಿವಿಗೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ತಲುಪಬೇಕು. ತಿಳಿಯದ ರಿಯಾಯಿತಿ ಯಾರಿಗೂ ವಿಶ್ರಾಂತಿ ಕೊಡುವುದಿಲ್ಲ.

ಇನ್ನು ಚಿಕಿತ್ಸೆ. ಕೈಕಾಲಿನ ಸೆಳೆತ, ತಲೆನೋವು, ವಾಕರಿಕೆ, ಅತಿಯಾದ ಬಳಲಿಕೆ, ಗಾಢ ಬಣ್ಣದ ಮೂತ್ರ: ಇವು ಮೊದಲ ಸೂಚನೆಗಳು. ಕೆಲಸ ನಿಲ್ಲಿಸಿ, ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಓಆರ್‌ಎಸ್ ದ್ರಾವಣ ಅಥವಾ ಉಪ್ಪು ಬೆರೆಸಿದ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕೊಡಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ಅಂದು ಅವರನ್ನು ಮತ್ತೆ ಕೆಲಸಕ್ಕೆ ಹಚ್ಚಬಾರದು.

ಮಾತು ತೊದಲಿದರೆ, ಅಸಂಬದ್ಧವಾಗಿ ವರ್ತಿಸಿದರೆ, ಪ್ರಜ್ಞೆ ತಪ್ಪಿದರೆ ಅದು ಶಾಖಾಘಾತ. ದೇಹದ ಒಳತಾಪ 40 ಡಿಗ್ರಿ ದಾಟಿರುತ್ತದೆ. “ಬೆವರುತ್ತಿದ್ದಾನೆ, ಆದ್ದರಿಂದ ಶಾಖಾಘಾತವಲ್ಲ” ಎಂಬುದು ತಪ್ಪು ತಿಳಿವಳಿಕೆ. ದುಡಿಮೆಯಿಂದ ಕುಸಿದವರ ಮೈ ಬೆವರಿನಿಂದ ತೊಯ್ದಿರಬಹುದು. ಹಾಗೆಯೇ “ಕುಡಿದಿದ್ದಾನೆ” ಎಂದು ನಕ್ಕು ಬದಿಗೆ ಮಲಗಿಸುವುದು ಪ್ರಾಣಕ್ಕೆ ಎರವಾಗಬಹುದು. ಒಬ್ಬರು 108ಕ್ಕೆ ಕರೆ ಮಾಡಲಿ. ಉಳಿದವರು ತಲೆಯಿಂದ ಕಾಲಿನವರೆಗೆ ನೀರು ಸುರಿಯುತ್ತ ಗಾಳಿ ಬೀಸಲಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಲಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇದಕ್ಕೆ ಔಷಧವಲ್ಲ.

ಮೊದಲು ತಂಪು, ಆಮೇಲೆ ಸಾಗಣೆ. ಈ ಕ್ರಮವನ್ನು ದಯವಿಟ್ಟು ನೆನಪಿಡಿ. ಅರ್ಧ ಗಂಟೆಯೊಳಗೆ ಮೈ ತಣಿದರೆ ಬದುಕುಳಿಯುವ ಸಂಭವ ಬಹಳ ಹೆಚ್ಚು. ಕಣಕುಂಬಿ, ಜಾಂಬೋಟಿಯ ಸುತ್ತಲಿನ ಕಾಡಿನ ಊರುಗಳಿಂದ ತಾಲ್ಲೂಕು ಆಸ್ಪತ್ರೆ ತಲುಪುವಷ್ಟರಲ್ಲಿ ಆ ಅರ್ಧ ಗಂಟೆ ಮುಗಿದೇ ಹೋಗಿರುತ್ತದೆ. ಆದ್ದರಿಂದ ನಮ್ಮ ಕಾರ್ಮಿಕನ ಜೀವ ಉಳಿಯುವುದು ಆಸ್ಪತ್ರೆಗೆ ಮುನ್ನ, ಕೆಲಸದ ಸ್ಥಳದಲ್ಲಿಯೇ, ನಾಲ್ಕು ಕೊಡ ನೀರಿನಿಂದ.

ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಐದು ಅಂಶಗಳನ್ನು ಠರಾವಿಗೆ ತರಬೇಕೆಂದು ಕೋರುತ್ತೇನೆ.

1. ಮಾರ್ಚ್‌ನಿಂದ ಮುಂಗಾರು ಹಿಡಿಯುವವರೆಗೆ ಕೆಲಸವನ್ನು ನಸುಕಿನಲ್ಲಿ ಆರಂಭಿಸಿ, ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿನ ಕೆಲಸ ನಿಲ್ಲಿಸುವುದು. ಹಾಜರಾತಿಯ ಛಾಯಾಚಿತ್ರಕ್ಕಾಗಿ ಯಾರನ್ನೂ ಬಿಸಿಲಿನಲ್ಲಿ ಕಾಯಿಸದಿರುವುದು.
2. ತಲೆಗೆ ಗಂಟೆಗೆ ಮುಕ್ಕಾಲು ಲೀಟರಿನಂತೆ ಕುಡಿಯುವ ನೀರು. ತಣಿಸಲು ಪ್ರತ್ಯೇಕವಾಗಿ ಒಂದು ಬ್ಯಾರಲ್ ನೀರು.
3. ನೆರಳು, ಹೆಣ್ಣುಮಕ್ಕಳಿಗೆ ಮರೆ, ಪೆಟ್ಟಿಗೆಯಲ್ಲಿ ಓಆರ್‌ಎಸ್ ಪೊಟ್ಟಣಗಳು.
4. ಪ್ರತಿ ಕಾಯಕ ಬಂಧುವಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ ಹಾಗೂ ಆಶಾ ಕಾರ್ಯಕರ್ತೆಯರಿಂದ ಪ್ರಥಮ ಚಿಕಿತ್ಸೆಯ ತರಬೇತಿ.
5. ಮೊಬೈಲ್ ಸಂಪರ್ಕವಿಲ್ಲದ ಸ್ಥಳಗಳಲ್ಲಿ ಮೊದಲೇ ಗೊತ್ತುಪಡಿಸಿದ ಊರಿನ ವಾಹನ ಮತ್ತು ಚಾಲಕ.

ಇಟ್ಟಿಗೆ ಭಟ್ಟಿಗಳ ಮಾಲೀಕರನ್ನೂ ಕರೆಸಿ ಇದೇ ಕ್ರಮವನ್ನು ತಿಳಿಸುವ ಸ್ಥಾನಬಲ ತಮಗಿದೆ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಅನುದಾನ ಬೇಕಿಲ್ಲ. ಬೇಕಾಗಿರುವುದು, ಬಿಸಿಲು ಏರುವ ಮೊದಲೇ ಕುಳಿತು ತೀರ್ಮಾನಿಸುವ ಒಂದು ಸಭೆ. ಊರಿಗಾಗಿ ಕೆರೆ ತೋಡಲು ಬಂದವರು ಬಾಯಾರಿ ಬೀಳದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.